ಭಾನುವಾರ ಸೋಪಾರಾ ಸ್ತೂಪಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 8ಕ್ಕೆ ಮುಂಬೈ ಹತ್ತಿರದ ನಾಲಾಸೋಪಾರಾ ಸ್ಟೇಷನ್ನಿನ ಪಶ್ಚಿಮದ ಕಡೆ ಸೇರೋಣ. ವಿರಾರ್ ಲೋಕಲ್ ಹಿಡಿಯಿರಿ. ನೀರು, ಟೋಪಿ ಇರಲಿ.

ಸ್ತೂಪ ಅಂದರೆ ಬುದ್ಧನ ಅಥವಾ ಬೌದ್ಧ ಗುರುಗಳ ಅವಶೇಷಗಳನ್ನಿಟ್ಟು ಕಟ್ಟುವ ಗುಮ್ಮಟದಂಥ ದಿಬ್ಬ. ಸೋಪಾರಾದ ಸ್ತೂಪದಲ್ಲಿ ಈಗ ಉಳಿದಿರುವುದು ಇಟ್ಟಿಗೆಯ ದಿಬ್ಬ. ಸುಮ್ನೆ ನೋಡಿದರೆ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ, ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. 1882ರಲ್ಲಿ ಪುರಾತತ್ವ ವಿದ್ವಾಂಸ ಭಗವಾನಲಾಲ್ ಇಂದ್ರಜಿ ಅದನ್ನು ಅಗೆಸಿದಾಗ ಒಳಗೆ ದೊಡ್ಡ ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ತಾಮ್ರದ ಭರಣಿ. ಅದರೊಳಗೆ ಬೆಳ್ಳಿಯದು, ಆಮೇಲೆ ಕಲ್ಲಿನದು, ಸ್ಫಟಿಕದ್ದು, ಕೊನೆಗೆ ಚಿನ್ನದ್ದು. ಚಿನ್ನದ ಭರಣಿಯೊಳಗೆ ಏನಿತ್ತು ಗೊತ್ತಾ? ಚಿನ್ನದ ಹೂಗಳ ಜೊತೆ ಮಣ್ಣಿನ ಪಾತ್ರೆಯ ಪುಟ್ಟ ಚೂರುಗಳು! ಬುದ್ಧನ ಭಿಕ್ಷಾಪಾತ್ರೆಯದು ಎಂದು ಇಂದ್ರಜಿ ಗುರುತಿಸಿದರು.

ಭಿಕ್ಷುವಿನ ಬಳಿ ಇರಬಹುದಾದ ಕೆಲವೇ ವಸ್ತುಗಳಲ್ಲಿ ಪಾತ್ರೆಯೂ ಒಂದು. ಹಾಕಿದ್ದನ್ನು ಉಣ್ಣಬೇಕು, ಇಂಥದ್ದೇ ಬೇಕು ಅನ್ನುವಂತಿಲ್ಲ. ನೀಡುವವರಿಗೂ ಅದು ಪುಣ್ಯದ ದಾರಿ. ಅಷ್ಟು ಬಡ ವಸ್ತುವನ್ನು ಇಷ್ಟು ಜೋಪಾನ ಮಾಡಿದ್ದಾರಲ್ಲ, ನನಗೆ ಜಾಸ್ತಿ ತಟ್ಟುವುದು ಅದೇ. ತಾಮ್ರದ ಭರಣಿಯ ಸುತ್ತ ಎಂಟು ಕಂಚಿನ ಮೂರ್ತಿಗಳಿದ್ದವು: ಏಳು ಬುದ್ಧರು (ಗೌತಮ ಬುದ್ಧ ಮತ್ತು ಅವನಿಗಿಂತ ಹಿಂದಿನ ಆರು ಬುದ್ಧರು), ಮತ್ತು ಮುಂದೆ ಬರಲಿರುವ ಬುದ್ಧ ಮೈತ್ರೇಯ. ಬುದ್ಧನ ಪಾತ್ರೆ ಕೊನೆಗೆ ಮೈತ್ರೇಯನ ಕೈ ಸೇರುತ್ತದೆ ಎಂಬ ನಂಬಿಕೆ ಬೌದ್ಧರಲ್ಲಿ ಹಳೆಯದು.

ಈ ವಸ್ತುಗಳು ಸೋಪಾರಾದಲ್ಲಿಲ್ಲ, ಮುಂಬೈನ ಏಷ್ಯಾಟಿಕ್ ಸೊಸೈಟಿಯ ಬಳಿ ಇವೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಂತೆ ಸೋಪಾರಾದಲ್ಲೂ ಅಶೋಕನ ಶಾಸನ ಸಿಕ್ಕಿದೆ.

ಸ್ತೂಪವನ್ನು ಬಲಕ್ಕೆ ಇಟ್ಟುಕೊಂಡು ಸುತ್ತಬೇಕು. ದಯವಿಟ್ಟು ಮೇಲೆ ಹತ್ತಬೇಡಿ, ಫೋಟೋಗಾಗಿಯೂ ಬೇಡ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.