ಸಂದರ್ಶನಕ್ಕೆ ಏನು ಹಾಕ್ಕೊಳ್ಳಲಿ ಅಂದ ಗೆಳೆಯನಿಗೊಂದು ಪತ್ರ

ಗೆಳೆಯಾ,

ಬೆಂಗಳೂರಿನ ಕಾಲೇಜಿನಿಂದ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೀಟಿನ ಸಂದರ್ಶನಕ್ಕೆ ಕರೆ ಬಂದಿದೆ, ಇನ್ನೂ ಮಗಳು ಅಂತಲೇ ನೋಡೋ ಅಮ್ಮ ಆಗಲೇ ರೇಷ್ಮೆ ಸೀರೆ ತೆಗೆದಿಟ್ಟಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ಶರ್ಟು ಪ್ಯಾಂಟೇ ಹಾಕ್ಕೊಂಡು ಹೋಗು ಮಾರಾಯ. ಡಿಗ್ರಿ ಸೆಮಿನಾರಿನ ದಿನ ನೀನು ಸೀರೆ ಉಟ್ಟು ಮಾತಾಡಿದ್ದನ್ನ ನೋಡಿದ್ದೀನಿ. ಎಡಗೈ ಅಷ್ಟೂ ಹೊತ್ತು ಸೆರಗಿನ ಮೇಲೇ ಇತ್ತು, ಕಣ್ಣು ಹಾಳೆ ಬಿಟ್ಟು ಮೇಲೇಳಲಿಲ್ಲ. ಅದೇ ವಿಷಯವನ್ನ ಹಿಂದಿನ ಸಂಜೆ ತುಂಗಾ ಸೇತುವೆ ಮೇಲೆ ನಡೀತಾ ಹಾಳೆಯೇ ಇಲ್ಲದೆ ಹೇಳಿದ್ದೆ. ಸಂದರ್ಶನ ಮಾಡೋರಿಗೆ ಆ ಸಂಜೆಯ ನೀನು ಸಿಗಬೇಕು ಅನ್ನೋದು ನನ್ನಾಸೆ.

ಆದರೆ ಗಂಡಸರ ರೆಡಿಮೇಡ್ ಶರ್ಟು ಬೇಡ. ಭುಜ ಸರಿಹೋದರೆ ಎದೆ ಹತ್ರ ಗುಂಡಿ ಎಳೆಯುತ್ತೆ, ಎದೆಗೆ ನೋಡಿ ತಗೊಂಡರೆ ಭುಜದ ಹೊಲಿಗೆ ತೋಳಿಗಿಳಿಯುತ್ತೆ. ಬಟ್ಟೆ ಕೊಟ್ಟು ಹೊಲಿಸು. ಮೈಯಾಕಾರಕ್ಕೆ ಹಿಡಿಯೋ ಟಕ್ಸ್ ಬೇಡ, ಸೈಡು ನೇರ ಇರಲಿ ಅಂತ ಟೈಲರಿಗೆ ಮೊದಲೇ ಹೇಳು. ಎದೆಯ ಎರಡು ಗುಂಡಿಗಳ ನಡುವೆ ಒಳಗೊಂದು ಟಿಚ್ ಬಟನ್ ಹಾಕಿಸಿದರೆ ಕೂತಾಗ ಸಂದಿ ಬಿಡೋದಿಲ್ಲ. ಪ್ಯಾಂಟನ್ನ ಹಿಂಬದಿಯ ಅಳತೆಗೆ ತಗೊಂಡು ಸೊಂಟ ಹಿಡಿಸು. ಬ್ಲೇಜರ್ ಎರವಲು ತರೋದಾದರೆ ಭುಜ ಮಾತ್ರ ನೋಡು. ತೋಳಿನ ಉದ್ದ ಆಮೇಲೂ ಸರಿಮಾಡಬಹುದು, ಭುಜ ಕಷ್ಟ. ನಿನ್ನ ಕಾಲಿಗೆ ಗಂಡಸರ ಫಾರ್ಮಲ್ ಶೂ ಸಿಗದಿದ್ದರೆ ಹುಡುಗರು ಶಾಲೆಗೆ ಹಾಕೋ ಕಪ್ಪು ಲೇಸ್ ಶೂ ಸಾಕು. ಈ ಮಳೆಯಲ್ಲಿ ಬೂಷ್ಟು ಹಿಡಿಯೋಕೆ ಮೊದಲು ಒರೆಸಿ ಪಾಲಿಶ್ ಮಾಡಿಡು, ರೈಲಿಗೆ ಚಪ್ಪಲಿಯಲ್ಲೇ ಹೋಗು.

ಹೆಗ್ಗೋಡಿನ ಚರಕ ಸಂಘದವರ ಕೈಮಗ್ಗದ ಜುಬ್ಬಾ ಆಗುತ್ತಾ ಅಂತಲೂ ನೀನು ಕೇಳಿದ್ದೆ. ಚೆಂದವೇ, ಗಂಡು ಹೆಣ್ಣು ಇಬ್ಬರೂ ಹಾಕೋದ್ರಿಂದ ಅಮ್ಮನೂ ಒಪ್ಪಬಹುದು. ಆದರೆ ರಾತ್ರಿಯಿಡೀ ರೈಲಲ್ಲಿ ಮಡಚಿಟ್ಟ ಹತ್ತಿ ಬಟ್ಟೆಯ ಇಸ್ತ್ರಿ ನಿಲ್ಲೋದಿಲ್ಲ. ನನ್ನ ಓಟು ತಿಳಿನೀಲಿ ಟೆರಿಕಾಟಿಗೆ. ಸಂದರ್ಶನಕ್ಕೆ ಒಯ್ಯೋ ಫೋಟೋವನ್ನೂ ಅದೇ ಶರ್ಟಲ್ಲಿ ತೆಗೆಸು. ಫೋಟೋದಲ್ಲಿ ಜಡೆ, ಎದುರಿಗೆ ಕ್ರಾಪು ಅಂತಾದರೆ ಸಂದರ್ಶನದ ಮೊದಲ ಐದು ನಿಮಿಷ ಅದರಲ್ಲೇ ಹೋಗುತ್ತೆ.

ಉಡುಪಿನ ಬಗ್ಗೆ ಯಾರಾದರೂ ಕೇಳಿಯೇ ಬಿಟ್ಟರೆ ‘ನಾನು ಫಾರ್ಮಲ್ ಆಗಿ ಹಾಕೋದು ಇದನ್ನೇ’ ಅಂದು ಮುಂದಿನ ಪ್ರಶ್ನೆಗೆ ಕಾಯಿ. ತೃತೀಯಲಿಂಗಿಗಳ ಹಕ್ಕಿನ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ: ತಾನು ಗುರುತಿಸಿಕೊಳ್ಳೋ ಲಿಂಗವನ್ನ ಉಡುಪಿನಲ್ಲಿ ತೋರಿಸೋದು ಸಂವಿಧಾನದ 19(1)(ಎ) ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ. ಅಲ್ಲಿ ಅದನ್ನ ವಾದಿಸೋಕೆ ಹೋಗಬೇಡ, ನಿನಗೆ ಗೊತ್ತಿದ್ದರೆ ಸಾಕು.

ಭಾನುವಾರ ಶಿವಮೊಗ್ಗದ ಗಾಂಧಿ ಬಜಾರಿಗೆ ಬಾ, ಬಟ್ಟೆ ತಗೊಳ್ಳೋಣ. ಮೈ ಮುಟ್ಟಿ ಅಳತೆ ತಗೊಳ್ಳೋದು ನಿನಗೆ ಹಿಂಸೆ ಅಂತ ಗೊತ್ತು, ಅದಕ್ಕೆ ಸರಿಯಾಗಿ ಕೂರೋ ಹಳೇ ಶರ್ಟೊಂದನ್ನ ಅಳತೆಗೆ ತಗೊಂಡು ಬಾ. ಅಮ್ಮನ ಹತ್ರ ನಾನು ಮಾತಾಡ್ತೀನಿ.

ನಿನ್ನ ಗೆಳತಿ