ಕೊಂಬೆ ಸವರುವುದಕ್ಕೂ ಅನುಮತಿ ಬೇಕು

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುವ ಮೊದಲು ಮನೆಯ ಸುತ್ತಲಿನ ಮರಗಳ ಕೊಂಬೆ ಸವರಿಸುವ ಕೆಲಸ ಮೈಸೂರಿನ ನಮ್ಮ ಬಡಾವಣೆಯಲ್ಲಿ ಪ್ರತಿವರ್ಷ ಭರದಿಂದ ನಡೆಯುತ್ತದೆ. ಭಾನುವಾರ ಬೆಳಗಾದರೆ ಯಾವುದಾದರೊಂದು ಬೀದಿಯಿಂದ ಯಂತ್ರದ ಗರಗಸದ ಸದ್ದು ಕೇಳಿಬರುತ್ತದೆ. ಆ ಮರಕ್ಕೆ ಕಾನೂನಿನ ರಕ್ಷಣೆ ಇದೆಯೇ ಎಂದು ಗರಗಸ ಇಡುವ ಮುನ್ನ ವಿಚಾರಿಸುವವರು ಬಹಳ ಕಡಿಮೆ. ವಿಚಾರಿಸದೆ ಹೊರಟವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬ ಸಂಕೋಚದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಾಂಪೌಂಡಿನೊಳಗೆ ತಂದೆಯವರು ನೆಟ್ಟ ಒಂದು ನೇರಳೆ ಮರವಿದೆ. ಅದರ ಒಂದು ದೊಡ್ಡ ಕೊಂಬೆ ತಾರಸಿಯ ಮೇಲೆ ಬಾಗಿದೆ. ರಸ್ತೆಯ ಕಡೆಗೆ ಚಾಚಿದ ಇನ್ನೆರಡು ಕೊಂಬೆಗಳು ಹಣ್ಣಿನ ಕಾಲದಲ್ಲಿ ಪಕ್ಕದ ಮನೆಯವರ ಬಿಳಿ ಕಾರಿಗೆ ನೇರಳೆ ಬಣ್ಣ ಬಳಿಯುತ್ತವೆ. ಮೂರನ್ನೂ ತೆಗೆಸಿಬಿಡೋಣವೆಂದು ಮರ ಕಡಿಯುವವನೊಬ್ಬನನ್ನು ಕರೆಸಿದೆ. ಆತ ಹಗ್ಗವನ್ನು ಹೆಗಲಿಗೆ ಹಾಕಿಕೊಂಡವನು ಮರವನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, “ಫಾರೆಸ್ಟಿನವರ ಆರ್ಡರ್ ಕಾಪಿ ಇದೆಯಾ ಸಾರ್?” ಎಂದು ಕೇಳಿದ. ನಮ್ಮ ಜಾಗ, ನಮ್ಮ ಮರ, ಅದೂ ಬರೀ ಕೊಂಬೆ, ಅದಕ್ಕೇನಯ್ಯಾ ಆರ್ಡರು ಎಂದೆ. “ಹೋದ ವರ್ಷ ಹಿಂಗೇ ಒಬ್ಬರು ಹೇಳಿದ್ರು ಸಾರ್. ನನ್ನ ಗರಗಸ ಹೋಯ್ತು, ಅವರು ಆಮೇಲೆ ಫೋನೇ ಎತ್ತಲಿಲ್ಲ” ಎಂದವನೇ ಹಗ್ಗವನ್ನು ಮತ್ತೆ ಚೀಲಕ್ಕೆ ತುಂಬಿದ. ಓದುಬರಹ ಬಲ್ಲ ನನಗಿಂತ ಈತನಿಗೇ ಕಾನೂನು ಚೆನ್ನಾಗಿ ಗೊತ್ತಿತ್ತು.

ಆ ಬಳಿಕ ನಾನು ಓದಿ ತಿಳಿದುಕೊಂಡದ್ದು ಇಷ್ಟು. ನಮ್ಮ ರಾಜ್ಯದಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ಅದರ 8ನೇ ಪ್ರಕರಣದ ಪ್ರಕಾರ, ಮರವು ಸ್ವಂತ ಜಮೀನಿನಲ್ಲಿದ್ದರೂ ಬೇರೆಯವರ ಜಮೀನಿನಲ್ಲಿದ್ದರೂ, ವೃಕ್ಷಾಧಿಕಾರಿಯ (ಈ ಕಾಯ್ದೆಯಡಿ ನೇಮಕಗೊಂಡ ಅರಣ್ಯಾಧಿಕಾರಿಯ) ಪೂರ್ವಾನುಮತಿ ಇಲ್ಲದೆ ಅದನ್ನು ಯಾರೂ ಕಡಿಯುವಂತಿಲ್ಲ, ಕಡಿಸುವಂತೆಯೂ ಇಲ್ಲ. ಈ ‘ಕಡಿಸುವಂತೆಯೂ ಇಲ್ಲ’ ಎಂಬ ಮಾತನ್ನು ಮನೆ ಮಾಲೀಕರು ವಿಶೇಷವಾಗಿ ಗಮನಿಸಬೇಕು. ಏಕೆಂದರೆ ಕೂಲಿಗೆ ಬಂದವನ ಮೇಲೆ ಹೊಣೆ ಹೊರಿಸಿ ತಾವು ಕೈತೊಳೆದುಕೊಳ್ಳಬಹುದೆಂದು ಅನೇಕರು ಭಾವಿಸಿದ್ದಾರೆ.

‘ಕಡಿಯುವುದು’ ಎಂದರೆ ಬುಡಸಮೇತ ಉರುಳಿಸುವುದು ಮಾತ್ರ ಎಂಬ ತಿಳಿವಳಿಕೆ ಇದಕ್ಕಿಂತಲೂ ವ್ಯಾಪಕವಾಗಿದೆ. ಕಾಯ್ದೆ ಕೊಟ್ಟಿರುವ ವ್ಯಾಖ್ಯೆಯೊಳಗೆ ಬೇರು ಸಹಿತ ಕೀಳುವುದು, ರೆಂಬೆಕೊಂಬೆ ಸವರುವುದು, ತಲೆ ಬೋಳಿಸುವುದು, ಕಾಂಡದ ಸುತ್ತ ತೊಗಟೆ ಕೆತ್ತುವುದು, ಮರ ಒಣಗಿಸುವ ರಾಸಾಯನಿಕ ಹಾಕುವುದು, ಸುಡುವುದು ಎಲ್ಲವೂ ಸೇರಿವೆ. ಅಂಗಡಿಯ ಬೋರ್ಡಿಗೆ ಅಡ್ಡವಾಯಿತೆಂದು ರಾತ್ರಿಯ ಹೊತ್ತು ಬುಡಕ್ಕೆ ತೂತು ಕೊರೆದು ಆಸಿಡ್ ಸುರಿಯುವ ಜಾಣರು, ಗರಗಸ ಮುಟ್ಟಲಿಲ್ಲವೆಂಬ ಕಾರಣಕ್ಕೆ ಪಾರಾಗುವುದಿಲ್ಲ.

ಹಾಗೆಂದು ಎಲ್ಲ ಮರಕ್ಕೂ ಅರ್ಜಿ ಹಿಡಿದು ಅಲೆಯಬೇಕಾಗಿಲ್ಲ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ಗ್ಲಿರಿಸಿಡಿಯಾ, ಬಳ್ಳಾರಿ ಜಾಲಿ ಮುಂತಾದವುಗಳಿಗೆ ಕಾಯ್ದೆಯೇ ವಿನಾಯಿತಿ ನೀಡಿದೆ. ಆದರೆ ಕಾಯ್ದೆಗೆ ಕಾಲಕಾಲಕ್ಕೆ ತಿದ್ದುಪಡಿಗಳಾಗಿರುವುದರಿಂದ ಯಾರೋ ಕೊಟ್ಟ ಹಳೆಯ ಜೆರಾಕ್ಸ್ ಪ್ರತಿಯನ್ನು ನಂಬದೆ ಈಗಿನ ಪಟ್ಟಿಯನ್ನೇ ನೋಡಬೇಕು. ಶ್ರೀಗಂಧದ ಲೆಕ್ಕ ಬೇರೆ. 2001ರ ತಿದ್ದುಪಡಿಯ ನಂತರ ಅದು ಜಮೀನಿನ ಮಾಲೀಕರದ್ದೇ ಆಗಿದ್ದರೂ, ತಮ್ಮಿಷ್ಟಕ್ಕೆ ಕಡಿದು ಸಾಗಿಸಲು ಬರುವುದಿಲ್ಲ. ಕೊಡಗಿನ ಕಾಫಿ ತೋಟಗಳಲ್ಲಿಯಂತೂ ಜಮೀನು ‘ರಿಡೀಮ್ಡ್’, ಅಂದರೆ ಮರಗಳ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು, ಹೌದೋ ಅಲ್ಲವೋ ಎಂಬುದನ್ನು ದಾಖಲೆಯಲ್ಲಿ ನೋಡದೆ ಬೀಟೆ ಮರದ ಹತ್ತಿರ ಹೋಗುವುದೇ ಅಪಾಯ. ಅನ್‌ರಿಡೀಮ್ಡ್ ಜಮೀನಿನ ಮರದ ಮೌಲ್ಯದ ಮೇಲೆ ಸರ್ಕಾರದ ಹಕ್ಕಿದೆ. ಇನ್ನು ಫುಟ್‌ಪಾತಿನ ಮರ, ಅದಕ್ಕೆ ದಿನವೂ ನೀರೆರೆದವರು ನಾವೇ ಆಗಿದ್ದರೂ, ನಮ್ಮದಲ್ಲ.

ಅರ್ಜಿ ಹಾಕಿದರೆ ಇಲಾಖೆಯವರು ಇಲ್ಲವೆನ್ನುತ್ತಾರೆ, ಅದರ ಬದಲು ಸದ್ದಿಲ್ಲದೆ ಕಡಿಸುವುದೇ ಮೇಲು ಎಂಬ ವಾದವನ್ನೂ ಕೇಳಿದ್ದೇನೆ. ಆದರೆ ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಸಿಡಿಲಿಗೆ ಸಿಕ್ಕಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ, ಇಲ್ಲವೇ ಸಂಚಾರಕ್ಕೆ ಅಡ್ಡಿಯಾಗಿದ್ದರೆ ಅನುಮತಿ ನಿರಾಕರಿಸುವಂತಿಲ್ಲವೆಂದು ಅದೇ 8ನೇ ಪ್ರಕರಣ ಹೇಳುತ್ತದೆ. ಜಾಗದ ಮಾಲೀಕತ್ವದ ದಾಖಲೆ, ಮರಗಳ ಸಂಖ್ಯೆ ಮತ್ತು ಜಾತಿ, ಕಾಂಡದ ಸುತ್ತಳತೆ, ಕಡಿಯಲು ಕಾರಣ, ಇಷ್ಟನ್ನು ಬರೆದು ಕೊಡುವುದು ಮನೆ ಕಂದಾಯದ ಫಾರಂ ತುಂಬುವುದಕ್ಕಿಂತ ಕಷ್ಟದ ಕೆಲಸವೇನಲ್ಲ.

ನಾನೂ ಹಾಗೆಯೇ ಅರ್ಜಿ ಕೊಟ್ಟೆ. ಸಿಬ್ಬಂದಿಯೊಬ್ಬರು ಬಂದು ಟೇಪು ಹಿಡಿದು ಕಾಂಡವನ್ನು ಅಳೆದರು, ತಾರಸಿ ಹತ್ತಿ ಕೊಂಬೆಯ ಬುಡವನ್ನು ಬೆರಳಿನಿಂದ ತಟ್ಟಿ ನೋಡಿದರು. ತಾರಸಿಯ ಮೇಲಿನ ಕೊಂಬೆ ಒಳಗೆ ಟೊಳ್ಳಾಗಿದೆ, ಅದನ್ನು ತೆಗೆಸಬಹುದು. ರಸ್ತೆ ಕಡೆಯ ಎರಡೂ ಗಟ್ಟಿಯಾಗಿವೆ, ಅವುಗಳ ತಂಟೆಗೆ ಹೋಗಬೇಡಿ ಎಂದರು. ಪಕ್ಕದ ಮನೆಯವರು ಈಗ ಕಾರಿಗೆ ಹೊದಿಕೆ ತಂದಿದ್ದಾರೆ. ಅವರಿಗೆ ನನ್ನ ಮೇಲೆ ಸ್ವಲ್ಪ ಮುನಿಸಿರುವುದೂ ನಿಜ.

ನನ್ನ ತಕರಾರಿರುವುದು ಬೇರೆಡೆ. ವೃಕ್ಷಾಧಿಕಾರಿ ಯಾರು, ಅವರ ಕಚೇರಿ ಎಲ್ಲಿ, ವಿನಾಯಿತಿ ಪಡೆದ ಮರಗಳು ಯಾವುವು ಎಂಬ ಮೂರು ಸರಳ ಪ್ರಶ್ನೆಗಳಿಗೆ ಉತ್ತರ ಪಡೆಯಲು ನಾನು ಮೂರು ಕಚೇರಿಗಳ ಮೆಟ್ಟಿಲು ಹತ್ತಬೇಕಾಯಿತು. ಎರಡು ಕಡೆ “ನಮಗೆ ಸಂಬಂಧವಿಲ್ಲ” ಎಂಬ ಉತ್ತರವೇ ದೊರೆಯಿತು. ವಿನಾಯಿತಿಯ ಪಟ್ಟಿಯನ್ನು ಊರವರು ಕರೆಯುವ ಕನ್ನಡ ಹೆಸರುಗಳಲ್ಲಿ ಅಚ್ಚು ಹಾಕಿಸಿ, ವೃಕ್ಷಾಧಿಕಾರಿಯ ಕಚೇರಿಯ ವಿಳಾಸ ಮತ್ತು ದೂರವಾಣಿ ಸಂಖ್ಯೆಯೊಂದಿಗೆ ವಾರ್ಡ್ ಕಚೇರಿ, ಗ್ರಾಮ ಪಂಚಾಯಿತಿ, ಸಾಮಿಲ್ ಹಾಗೂ ಗರಗಸ ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಅಂಟಿಸಲು ಅರಣ್ಯ ಇಲಾಖೆ ಮತ್ತು ಸ್ಥಳೀಯ ಸಂಸ್ಥೆಗಳು ಮುಂದಾಗಬೇಕು. ಮನೆ ಕಟ್ಟಲು ನಕ್ಷೆ ಮಂಜೂರಾತಿಗೆ ಬಂದವರಿಂದ ನಿವೇಶನದಲ್ಲಿರುವ ಮರಗಳ ವಿವರವನ್ನು ಆಗಲೇ ಬರೆಸಿಕೊಂಡರೆ, ಅಡಿಪಾಯ ತೋಡುವ ಹಿಂದಿನ ರಾತ್ರಿ ಮರ ‘ತಾನಾಗಿ’ ಬಿದ್ದುಹೋಯಿತೆಂಬ ಕಥೆಗಳು ಕಡಿಮೆಯಾದಾವು. ಮರ ಕಡಿಯುವ ಕೆಲಸಗಾರರನ್ನು ಮಳೆಗಾಲಕ್ಕೆ ಮುನ್ನ ಒಂದು ದಿನ ಕರೆಸಿ ಈ ನಿಯಮಗಳನ್ನು ವಿವರಿಸುವುದೂ ಆಗಬೇಕು. ಮಾಲೀಕನ ಮಾತು ನಂಬಿ ಗರಗಸ ಕಳೆದುಕೊಳ್ಳುವವರು ಅವರೇ ತಾನೇ.

ಇಂತಿ,
ನಿವೃತ್ತ ಶಿಕ್ಷಕ, ಮೈಸೂರು