ಬಾಗಿಲ ಚೌಕಟ್ಟು ರಿಪೇರಿಗೆ ಇನ್ಮೇಲೆ ಎರಡು ಸಲ ಬರ್ತೀವಿ

ನಮ್ಮ ಎಲ್ಲಾ ಗ್ರಾಹಕರಿಗೆ ನಮಸ್ಕಾರ,

ಇಷ್ಟು ದಿನ ಚೌಕಟ್ಟಿನ ಬುಡ ಕೊಳೆತಿದೆ ಅಂತ ನೀವು ಫೋನ್ ಮಾಡಿದ್ರೆ ನಾವು ಬೆಳಿಗ್ಗೆ ಬಂದು ಮೆತ್ತಗಾಗಿರೋ ಮರ ಕೆರೆದು, ಪುಟ್ಟಿ ತುಂಬಿ, ಉಜ್ಜಿ, ಸಂಜೆ ಹೊತ್ತಿಗೆ ಪೇಂಟ್ ಹೊಡೆದು ಹೋಗ್ತಿದ್ವಿ. ಇನ್ಮೇಲೆ ಹಾಗೆ ಮಾಡಲ್ಲ. ಕೊಳೆತ ಚೌಕಟ್ಟಿಗೆ ಎರಡು ಸಲ ಬರ್ತೀವಿ, ಮಧ್ಯೆ ಮರ ಒಣಗೋಕೆ ಬಿಡ್ತೀವಿ, ಅದು ನಾಲ್ಕೈದು ದಿನ ಆಗಬಹುದು, ಮಳೆಗಾಲ ಆದ್ರೆ ಇನ್ನೂ ಜಾಸ್ತಿ.

ಮೊನ್ನೆ ನಾವೇ ರಿಪೇರಿ ಮಾಡಿದ್ದ ಒಂದು ಚೌಕಟ್ಟನ್ನ ಮತ್ತೆ ಬಿಚ್ಚಬೇಕಾಯ್ತು. ಮೇಲಿಂದ ನೋಡಿದ್ರೆ ಪೇಂಟ್ ನುಣ್ಣಗೇ ಇತ್ತು, ಹೆಬ್ಬೆರಳಲ್ಲಿ ಒತ್ತಿದ ತಕ್ಷಣ ಒಳಗೆ ಕುಸೀತು. ನಾವು ತುಂಬಿದ್ದ ಪುಟ್ಟಿ ಒಂದೇ ಗಟ್ಟಿ ಹೆಂಟೆಯಾಗಿ ಕೈಗೆ ಬಂತು, ಸುತ್ತ ಇದ್ದ ಮರ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಚೌಕಚೌಕವಾಗಿ ಬಿರುಕು ಬಿಟ್ಟು ಉಗುರಲ್ಲಿ ಕೆರೆದ್ರೂ ಪುಡಿ ಆಗ್ತಿತ್ತು. ಆ ಮನೆಯವ್ರು ಒಂದು ಮಾತೂ ಅನ್ಲಿಲ್ಲ, ಆದ್ರೆ ನಮಗೆ ತುಂಬಾ ಬೇಜಾರಾಯ್ತು.

ಆಗಿದ್ದು ಇಷ್ಟು. ಮರ ಕೊಳೆಸೋದು ಶಿಲೀಂಧ್ರ, ಮರದ ತೇವ ಶೇಕಡ 20ರ ಒಳಗಿದ್ರೆ ಅದು ಬೆಳೆಯಲ್ಲ. ಆದ್ರೆ ಚೌಕಟ್ಟಿನ ಕಾಲು ನೆಲಕ್ಕೆ ತಾಗೋ ಕಡೆ ಮರದ ಎಳೆಗಳ ಕೊಯ್ದ ಬಾಯಿ ಇರುತ್ತೆ, ನೆಲ ಒರೆಸಿದ ನೀರನ್ನ ದಿನಾ ಅದು ಹೀರ್ತಾನೇ ಇರುತ್ತೆ. ಒದ್ದೆ ಮರದ ಮೇಲೆ ಪುಟ್ಟಿ ತುಂಬಿದ್ರೆ ತೇವ ಹೊರಗೆ ಹೋಗೋ ದಾರಿನೇ ಮುಚ್ಚಿದ ಹಾಗೆ. ಮೇಲಾಗಿ ಮರ ಹಿಗ್ಗಿ ಕುಗ್ಗುತ್ತೆ, ಗಟ್ಟಿಯಾದ ಪುಟ್ಟಿ ಅದರ ಜೊತೆ ಹೋಗಲ್ಲ, ಅಂಚಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತೆ, ನೀರಿಗೆ ಅಷ್ಟು ಸಾಕು.

ಹಾಗಾಗಿ ಮೊದಲನೇ ಸಲ ಬಂದಾಗ ಉಳಿ ಮೊನೆಯಿಂದ ಚುಚ್ಚಿ ನೋಡಿ, ಗಟ್ಟಿ ಮರ ಸಿಗೋವರೆಗೂ ಕೊಳೆತಿದ್ದನ್ನ ಕೊಯ್ದು ತೆಗೆದು, ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕ್ತೀವಿ. ಬಾಗಿಲು ಹಾಕೋಕೆ ತೊಂದ್ರೆ ಆಗದ ಹಾಗೆ ಆಸರೆಗೆ ಒಂದು ತುಂಡು ಕೂರಿಸಿ ಹೋಗ್ತೀವಿ, ನೀವು ಆ ಜಾಗ ಮುಚ್ಚಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಎರಡನೇ ಸಲ ಮೀಟರ್ ಇಟ್ಟು ತೇವ ನೋಡಿ, ಅದೇ ಜಾತಿ ಮರದ ತುಂಡನ್ನ ಎಳೆ ಅದೇ ದಿಕ್ಕಿಗೆ ಬರೋ ಹಾಗೆ ಜೋಡಿಸ್ತೀವಿ. ಜೋಡಣೆ ನೇರ ಅಡ್ಡಕ್ಕೆ ಅಲ್ಲ, ಓರೆಗೆ ಕೊಯ್ತೀವಿ, ಯಾಕಂದ್ರೆ ಎಳೆಯ ಕೊಯ್ದ ಬಾಯಿಗೆ ಅಂಟು ಸರಿಯಾಗಿ ಹಿಡಿಯಲ್ಲ, ಓರೆ ಕೊಯ್ದ್ರೆ ಹಿಡಿಯೋ ಜಾಗ ಜಾಸ್ತಿ ಸಿಗುತ್ತೆ. ಕಾಲಿನ ತುದಿಗೆ ಎರಡು ಕೋಟ್ ಪ್ರೈಮರ್ ಹೊಡೆದು ನೆಲದಿಂದ ಚೂರು ಎತ್ತರಿಸಿ ನಿಲ್ಲಿಸ್ತೀವಿ.

ಎರಡನೇ ಸಲ ಬರೋದಕ್ಕೆ ಬೇರೆ ಚಾರ್ಜ್ ಇಲ್ಲ.

ಹಿಂಜ್ ಸ್ಕ್ರೂ ಸಡಿಲ ಆಗಿರೋದು, ಬಾಗಿಲು ಬಡಿದು ಚೌಕಟ್ಟು ಸೀಳಿರೋದು ಎಲ್ಲಾ ಮೊದಲಿನ ಹಾಗೇ ಒಂದೇ ದಿನದ ಕೆಲಸ. ಸೀಳಿದ ಚಕ್ಕೆ ಬಿದ್ದಿದ್ರೆ ದಯವಿಟ್ಟು ಬಿಸಾಕಬೇಡಿ, ಒಂದು ಕವರಲ್ಲಿ ಹಾಕಿಡಿ, ಅದರ ಜಾಗಕ್ಕೆ ಅದರಷ್ಟು ಚೆನ್ನಾಗಿ ಕೂರೋ ತುಂಡನ್ನ ನಾವು ಮಾಡೋಕಾಗಲ್ಲ.

ಹಿಂದೆ ನಮ್ಮಿಂದ ಪುಟ್ಟಿ ಹಾಕಿಸಿದವ್ರು ಒಂದು ಸ್ಕ್ರೂಡ್ರೈವರ್ ತಗೊಂಡು ಚೌಕಟ್ಟಿನ ಬುಡದಲ್ಲಿ ಒತ್ತಿ ನೋಡಿ. ಸ್ವಲ್ಪ ಒಳಗೆ ಹೋದ್ರೂ ಫೋನ್ ಮಾಡಿ, ಬಂದು ದುಡ್ಡಿಲ್ಲದೆ ಸರಿ ಮಾಡಿ ಕೊಡ್ತೀವಿ.

ಇಂತಿ,
ನಿಮ್ಮ ಮರಗೆಲಸದವರು